ಪಾಂಡವಪುರದಿಂದ ಕಾಲ್ಚೆಂಡಿನ ಬಯಲಿಗೆ

ಶ್ರೀರಂಗಪಟ್ಟಣಕ್ಕೆ ಬಂದವರು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತಿನ ಗೋಡೆಯ ಚಿತ್ರಗಳನ್ನು ನೋಡಿ, ಸಂಗಮದಲ್ಲಿ ಮಿಂದು, ಬುತ್ತಿ ಬಿಚ್ಚಿ ಉಂಡು ಹಿಂದಿರುಗುವುದು ವಾಡಿಕೆ. ನಾವೂ ಅನೇಕ ಸಲ ಹಾಗೆಯೇ ಮಾಡಿದವರು. ಆದರೆ ಈ ಸಲ ಬೆಂಗಳೂರಿನಿಂದ ನಮ್ಮೊಡನೆ ಬಂದಿದ್ದ ಸೋದರಳಿಯನ ದೆಸೆಯಿಂದ ನಮ್ಮ ಪ್ರವಾಸವು ಬೇರೆ ದಾರಿಯನ್ನೇ ಹಿಡಿಯಿತು. ಹದಿನಾಲ್ಕು ವರ್ಷದ ಹುಡುಗ. ಮೈಮೇಲೆ ನೀಲಿ ಅಂಗಿ. ಬಾಯಲ್ಲಿ ಹಗಲಿರುಳೂ ಕಾಲ್ಚೆಂಡಾಟದ ಮಾತು.

“ಮಾವ, ಇಂಗ್ಲೆಂಡಿನ ಆರ್ಸೆನಲ್ ತಂಡವನ್ನು ೧೮೮೬ರಲ್ಲಿ ಕಟ್ಟಿದವರು ಆಯುಧ ಕಾರ್ಖಾನೆಯ ಕೆಲಸಗಾರರಂತೆ. ಮ್ಯಾಂಚೆಸ್ಟರ್ ಯುನೈಟೆಡ್ ೧೮೭೮ರಲ್ಲಿ ರೈಲ್ವೆ ಕೆಲಸಗಾರರ ತಂಡವಾಗಿ ಹುಟ್ಟಿತಂತೆ. ಅಲ್ಲಿ ತಾತ, ಅಪ್ಪ, ಮಗ ಮೂವರೂ ಒಂದೇ ತಂಡವನ್ನು ಹಿಡಿದುಕೊಂಡಿರುತ್ತಾರೆ. ನಮ್ಮಲ್ಲಿ ಅಂಥದು ಏನಿದೆ?” ಎಂದು ಕೇಳಿದ. ಆ ಪ್ರಶ್ನೆ ನಮಗೆ ನಾಟಿತು. ಆಟವು ಪರದೇಶದ್ದಾದರೂ ಅದರ ಕಥೆಯ ಒಂದು ಕೊನೆ ನಾವು ನಿಂತಿದ್ದ ನೆಲದಲ್ಲಿಯೇ ಇದ್ದುದರಿಂದ, ಅವನನ್ನು ಮೊದಲು ಗ್ಯಾರಿಸನ್ ಸ್ಮಶಾನಕ್ಕೆ ಕರೆದೊಯ್ದೆವು.

ಕಾವೇರಿಯ ದಡದ ಆ ಮೌನದ ಆವರಣದಲ್ಲಿ ಪರದೇಶದ ಸಿಪಾಯಿಗಳೂ ಅವರ ಮಡದಿ ಮಕ್ಕಳೂ ಮಣ್ಣಾಗಿದ್ದಾರೆ. ೧೭೯೯ರ ಮೇ ೪ರಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರ ದಂಡು ಈ ದ್ವೀಪದಲ್ಲಿ ಬೀಡುಬಿಟ್ಟಿತು. ಫಿರಂಗಿಗೆ ಅಂಜದ ಆ ದಂಡನ್ನು ಇಲ್ಲಿಯ ಸೊಳ್ಳೆ ಸೋಲಿಸಿತು. ಚಳಿಜ್ವರದ ಕಾಟವನ್ನು ತಾಳಲಾರದೆ ೧೮೦೯ರಲ್ಲಿ ದಂಡು ಬೆಂಗಳೂರಿಗೆ ಹೊರಟುಹೋಯಿತು. ಬೆಂಗಳೂರಿನ ಜನರು ಇಂದಿಗೂ “ದಂಡು” ಎಂದು ಕರೆಯುವ ಪ್ರದೇಶ ಹುಟ್ಟಿದ್ದು ಹೀಗೆ. ಮುಂದೆ ಆ ದಂಡಿನ ಬಯಲುಗಳಲ್ಲಿ ಗೋರಾ ಸಿಪಾಯಿಗಳು ಚೆಂಡು ಒದೆಯತೊಡಗಿದರು, ಸುತ್ತಲಿನ ಬೀದಿಗಳ ಹುಡುಗರು ನಿಂತು ನೋಡಿದರು, ನೋಡಿ ಕಲಿತರು, ಕಲಿತು ಕಲಿಸಿದವರನ್ನೇ ಮೀರಿಸಿದರು.

ಇದು ಬರಿಯ ಅಭಿಮಾನದ ಮಾತಲ್ಲ. ಮುಂಬಯಿಯಲ್ಲಿ ೧೮೯೧ರಲ್ಲಿ ಮೊದಲಾದ ರೋವರ್ಸ್ ಕಪ್ಪು ಬಹುಕಾಲ ಬ್ರಿಟಿಷ್ ಪಲ್ಟನುಗಳ ಸೊತ್ತಾಗಿತ್ತು. ೧೯೩೭ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡವೆಂದರೆ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಸೊಳ್ಳೆಯು ಆರಂಭಿಸಿದ ಕೆಲಸವನ್ನು ಬೀದಿಯ ಹುಡುಗರು ಪೂರೈಸಿದರೆಂದು ನಾವು ಹೇಳಿದಾಗ ನಮ್ಮ ಅಳಿಯನು ನಕ್ಕುಬಿಟ್ಟ.

ಅಲ್ಲಿಂದ ಹೊರಟು ಪಾಂಡವಪುರಕ್ಕೆ ಬಂದೆವು. ಈ ಊರಿಗೆ ಹಿರೋಡೆ ಎಂದು ಹಳೆಯ ಹೆಸರು. ಹೈದರ್ ಮತ್ತು ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿಯ ಬಂಡೆಗಳ ಬಳಿ ಪಾಳೆಯ ಹೂಡಿದ್ದರಿಂದ ಇಂಗ್ಲಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಫ್ರೆಂಚರ ಹೆಸರು ಬಂದಿತೆಂದು ಹುಡುಗನಿಗೆ ಮತ್ತೊಂದು ಸಂಗತಿಯನ್ನು ಹೇಳಿದೆವು. ಸ್ವತಂತ್ರ ಭಾರತದ ಕಾಲ್ಚೆಂಡಿನ ತಂಡವು ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದ್ದು ಫ್ರಾನ್ಸಿನ ಮೇಲೆ. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಕೈಗೆ ಬಂದ ಎರಡು ಪೆನಾಲ್ಟಿಗಳು ವ್ಯರ್ಥವಾಗಿ ೨-೧ರಿಂದ ಸೋತರೂ ಪ್ರೇಕ್ಷಕರ ಮನಸ್ಸನ್ನು ಗೆದ್ದರು. ಭಾರತದ ಆ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್.

ಇಳಿಹೊತ್ತಿನಲ್ಲಿ ಕುಂತಿಬೆಟ್ಟವನ್ನು ಹತ್ತಿದೆವು. ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರೆಂಬುದು ಐತಿಹ್ಯ; ಊರಿನ ಈಗಿನ ಹೆಸರಿಗೂ ಅದೇ ಮೂಲ. ಕಬ್ಬಿನ ಗದ್ದೆಗಳ ಹಸುರನ್ನೂ ತೊಣ್ಣೂರಿನ ಕೆರೆಯ ದಿಕ್ಕನ್ನೂ ನೋಡುತ್ತ ಬಂಡೆಯ ಮೇಲೆ ಕುಳಿತಾಗ ನಾವು ಕೇಳಿದೆವು: “ಕಲ್ಕತ್ತೆಯಲ್ಲಿಯೂ ಪಂಚಪಾಂಡವರಿದ್ದರು, ಬಲ್ಲೆಯಾ?” ಅವನು ಅರಿಯ. ೧೯೨೦ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ತಂಡದ ಮುನ್ನೆಲೆಯ ಐವರು ಆಟಗಾರರನ್ನು ಅಲ್ಲಿಯ ಜನ ಆ ಹೆಸರಿನಿಂದ ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇಹ್. ಐವರಲ್ಲಿ ಒಬ್ಬರೂ ಬಂಗಾಳದವರಲ್ಲ. ಇವರ ಬಲದಿಂದ ಆ ತಂಡ ೧೯೪೯, ೧೯೫೦, ೧೯೫೧ ಈ ಮೂರು ವರ್ಷವೂ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಇವರಲ್ಲಿ ಅಹಮದ್ ಖಾನರು ನಮ್ಮ ಬೆಂಗಳೂರಿನವರು. ೧೯೪೮ ಮತ್ತು ೧೯೫೨ರ ಒಲಿಂಪಿಕ್ಸಿನಲ್ಲಿ ಆಡಿದವರು. ೧೯೫೧ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದವರು. ಅವರು ೨೦೧೭ರಲ್ಲಿ ತೀರಿಕೊಂಡರು.

ಕಲ್ಕತ್ತೆಯ ಜನರ ತಂಡಭಕ್ತಿ ಅಡಿಗೆಮನೆಯವರೆಗೂ ಹೋಗುತ್ತದೆ. ಈಸ್ಟ್ ಬೆಂಗಾಲ್ ಗೆದ್ದರೆ ಅದರವರ ಮನೆಯಲ್ಲಿ ಇಲಿಶ್ ಮೀನು. ಮೋಹನ್ ಬಾಗಾನ್ ಗೆದ್ದರೆ ಅದರವರ ಮನೆಯಲ್ಲಿ ಸಿಗಡಿ. ಪರವೂರಿನಿಂದ ಬಂದವರಿಗೆ ಪಾಂಡವರೆಂದು ಹೆಸರಿಟ್ಟು ಅವರು ನೆನಪಿನಲ್ಲಿಟ್ಟುಕೊಂಡರು. ಪಾಂಡವರ ಹೆಸರಿನ ಊರಿನಲ್ಲಿ ಕುಳಿತ ನಮ್ಮ ಹುಡುಗನಿಗೆ ಮಾತ್ರ ಆ ಹೆಸರುಗಳು ತಿಳಿಯವು. ತಪ್ಪು ಅವನದಲ್ಲ, ಹೇಳದೆ ಉಳಿದ ನಮ್ಮದು.

ಬೆಟ್ಟದಿಂದ ಇಳಿಯುವಾಗ ಕೃಷ್ಣರಾಜಪೇಟೆಯ ಕಡೆಯ ಮುದುಕರೊಬ್ಬರು ಜೊತೆಯಾದರು. ಮಾತು ಆಟದಿಂದ ಕುಸ್ತಿಗೆ ಹೊರಳಿತು. ಹೇಮಗಿರಿಯ ದನಗಳ ಜಾತ್ರೆಗೆ ಹೋದಾಗ ತಮ್ಮ ತಂದೆ ನೋಡಿದ ಒಂದು ಜೋಡಿಯನ್ನು ಅವರು ತಾವೇ ಕಂಡಂತೆ ಬಣ್ಣಿಸಿದರು. ನಾಗಮಂಗಲದ ಕಡೆಯ ಪೈಲ್ವಾನನೊಬ್ಬ ಸೋತು ಮಣ್ಣು ಕೊಡವಿಕೊಂಡು ಎದ್ದಾಗ, ಗೆದ್ದವನಿಗಿಂತ ಅವನ ಹಿಂದೆಯೇ ಹೆಚ್ಚು ಜನ ನಡೆದರಂತೆ. “ಸೋತ್ರೆ ನಮ್ಮೋನಲ್ಲ ಅಂತ ಬಿಟ್ಬುಡಕ್ಕಾಯ್ತದಾ ಬುದ್ಧಿ?” ಎಂದರು. ಹುಡುಗ ಅವರ ಮುಖವನ್ನೇ ನೋಡುತ್ತಿದ್ದ.

ಮರುದಿನ ಪಾಂಡವಪುರದ ನಿಲ್ದಾಣದಲ್ಲಿ ರೈಲು ಹತ್ತಿ ಅವನೊಡನೆ ಬೆಂಗಳೂರಿಗೆ ಹೋದೆವು. ಸಂಜೆ ಕಂಠೀರವ ಕ್ರೀಡಾಂಗಣದಲ್ಲಿ ಅವನ ತಂಡದ ಪಂದ್ಯ. ಬೆಂಗಳೂರು ಎಫ್.ಸಿ. ಹುಟ್ಟಿದ್ದು ೨೦೧೩ರಲ್ಲಿ, ಮೊದಲ ವರ್ಷದಲ್ಲಿಯೇ ಐ-ಲೀಗನ್ನು ಗೆದ್ದಿತು, ೨೦೧೬ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವೆನಿಸಿತು. ಆರಂಭದಲ್ಲಿ ಅದು ಆಡಿದ್ದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅಲ್ಲಿಯ ಪಶ್ಚಿಮದ ಕಟ್ಟೆಯಲ್ಲಿ ನೆರೆಯುತ್ತಿದ್ದ ಅಭಿಮಾನಿಗಳು ತಮ್ಮನ್ನು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಕರೆದುಕೊಂಡರು. ಬಯಲು ಬದಲಾದರೂ ಹೆಸರನ್ನು ಬಿಡಲಿಲ್ಲ. ಹಣವಂತರು ಕಟ್ಟಿದ ತಂಡಕ್ಕೆ ಭಕ್ತಿಯೆಲ್ಲಿಯದು ಎಂದುಕೊಂಡು ಹೋಗಿದ್ದ ನಾವು, ಆ ನೀಲಿಯ ಗುಂಪಿನ ನಡುವೆ ಡೋಲಿನ ಸದ್ದಿಗೆ ಎದ್ದುನಿಂತು, ಆಟ ಮುಗಿಯುವವರೆಗೂ ಕುಳಿತುಕೊಳ್ಳಲಿಲ್ಲ. ಅಂದು ತಂಡ ಸೋತಿತು. ಆದರೂ ಹಾಡು ನಿಲ್ಲಲಿಲ್ಲ.

ಹಿಂದಿರುಗುವಾಗ ಹುಡುಗ ಮಾತಾಡಲಿಲ್ಲ. ಆಗ ನಾವು, ಬಹಳ ಹಿಂದೆಯೇ ಹೇಳಬೇಕಾಗಿದ್ದ ಮಾತನ್ನು ಹೇಳಿದೆವು. ೧೯೬೮-೬೯ರಲ್ಲಿ ಬೆಂಗಳೂರಿನಲ್ಲಿ ನಮ್ಮ ಮೈಸೂರು ರಾಜ್ಯದ ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಾಗ ನಮ್ಮ ತೀರ್ಥರೂಪರು, ಅಂದರೆ ಇವನ ತಾತ, ಇದೇ ರೈಲಿನ ದಾರಿಯಲ್ಲಿ ಹೋಗಿ ಆ ಪಂದ್ಯವನ್ನು ನೋಡಿ ಬಂದಿದ್ದರು. ಊಟದ ಹೊತ್ತಿನಲ್ಲಿ ಅದನ್ನು ಎಷ್ಟೋ ಸಲ ಹೇಳಿದರು, ನಾವು ಕಿವಿಗೊಡಲಿಲ್ಲ. ಮತ್ತೊಮ್ಮೆ ಗೆಲ್ಲುತ್ತೇವೆಂದು ಪ್ರತಿ ವರ್ಷ ಕಾಯುತ್ತಿದ್ದರು. ಐವತ್ತನಾಲ್ಕು ವರ್ಷಗಳ ಬಳಿಕ, ೨೦೨೩ರ ಮಾರ್ಚ್ ತಿಂಗಳಿನಲ್ಲಿ, ದೂರದ ರಿಯಾಧಿನಲ್ಲಿ ಕರ್ನಾಟಕವು ಮೇಘಾಲಯವನ್ನು ೩-೨ರಿಂದ ಸೋಲಿಸಿ ಗೆದ್ದಿತು. ಆ ಸುದ್ದಿಯನ್ನು ಕೇಳಲು ಅವರಿರಲಿಲ್ಲ.

“ಹಾಗಾದರೆ ನಮ್ಮ ಮನೆಯಲ್ಲಿಯೂ ಮೂರು ತಲೆಮಾರು ಆಯಿತು ಮಾವ,” ಎಂದ ಹುಡುಗ. “ತಾತ ನೋಡಿದ ಪಂದ್ಯದಲ್ಲಿ ಗೋಲು ಹೊಡೆದವರು ಯಾರು?”

ತಂದೆಯವರು ಆ ಹೆಸರನ್ನು ಹೇಳಿದ್ದರು. ನಮಗೆ ನೆನಪಾಗಲಿಲ್ಲ. ತಂಡವನ್ನು ಬಾಳಿಸುವುದು ಗೆಲುವಲ್ಲ, ಹೆಸರನ್ನು ಮರೆಯದ ಮನೆಗಳು ಎಂಬುದು ಅಂದು ನಮಗೆ ಮನವರಿಕೆಯಾಯಿತು. ವಾಚಕರ ಮನೆಗಳಲ್ಲಿ ಇಂಥ ಕಥೆಯನ್ನು ಹೇಳಬಲ್ಲ ಹಿರಿಯರಿದ್ದರೆ, ಇಂದಿನ ಊಟದ ಹೊತ್ತಿನಲ್ಲಿಯೇ ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ.