ಟೋಪಿಯೇ ಪರಿಚಯ ಪತ್ರ

ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿನಿಂದ ಶೆಟ್ಲೆಂಡ್ ದ್ವೀಪಗಳಿಗೆ ಹೋಗುವ ರಾತ್ರಿ ಹಡಗಿನಲ್ಲಿ, ಸೆಪ್ಟೆಂಬರ್ ತಿಂಗಳ ಕೊನೆಗೆ, ಒಂದೇ ವಿನ್ಯಾಸದ ಉಣ್ಣೆ ಟೋಪಿ ಹಾಕಿಕೊಂಡವರು ಹಲವರು ಕಾಣಸಿಗುತ್ತಾರೆ. ಅವರು ಒಂದು ತಂಡದವರಲ್ಲ, ಒಂದು ದೇಶದವರೂ ಅಲ್ಲ. ಹಡಗು ಹತ್ತುವ ತನಕ ಒಬ್ಬರ ಮುಖ ಇನ್ನೊಬ್ಬರು ಕಂಡಿರುವುದಿಲ್ಲ. ಎಲ್ಲರೂ ಹೊರಟಿರುವುದು ಶೆಟ್ಲೆಂಡ್ ವೂಲ್ ವೀಕ್ ಎಂಬ ಉಣ್ಣೆಯ ಹಬ್ಬಕ್ಕೆ. 2010ರಲ್ಲಿ ಸಣ್ಣದಾಗಿ ಶುರುವಾದ ಈ ಹಬ್ಬ ಈಗ ಜಗತ್ತಿನ ಹೆಣಿಗೆಗಾರರ ದೊಡ್ಡ ಜಾತ್ರೆಗಳಲ್ಲಿ ಒಂದು. ಅಲ್ಲಿ ತರಗತಿಗಳಿವೆ, ಪ್ರದರ್ಶನಗಳಿವೆ, ಕುರಿ ಸಾಕುವವರ ಮನೆಗೆ ಭೇಟಿಯೂ ಇದೆ. ಆದರೆ ಹೋಗಿಬಂದವರನ್ನು ಮಾತಿಗೆಳೆದರೆ ಕಲಿತ ಪಾಠದ ವಿಷಯ ಎರಡು ಮಾತಿನಲ್ಲಿ ಮುಗಿದು, ದಾರಿಯಲ್ಲಿ ಸಿಕ್ಕವರ ವಿಷಯ ಗಂಟೆಗಟ್ಟಲೆ ನಡೆಯುತ್ತದೆ.

ಟೋಪಿಯ ಏರ್ಪಾಡು ಹೀಗಿದೆ. ಹಬ್ಬಕ್ಕೆ ಪ್ರತಿವರ್ಷ ದ್ವೀಪದ ನಂಟಿರುವ ಒಬ್ಬರನ್ನು ಪೋಷಕರೆಂದು ಆರಿಸುತ್ತಾರೆ. ಅವರು ಆ ವರ್ಷದ ಟೋಪಿಯ ವಿನ್ಯಾಸ ಕೊಡುತ್ತಾರೆ. ತಿಂಗಳುಗಳ ಮೊದಲೇ ಅದು ಪ್ರಕಟವಾಗುವುದರಿಂದ ಬರುವವರು ತಮ್ಮ ತಮ್ಮ ಊರಲ್ಲೇ ಹೆಣೆದು ತಲೆಗೇರಿಸಿಕೊಂಡು ಬರಬಹುದು. 2015ರಲ್ಲಿ ಡೋನಾ ಸ್ಮಿತ್ ಕೊಟ್ಟ ವಿನ್ಯಾಸದಲ್ಲಿ ಕುರಿಗಳ ಸಾಲಿತ್ತು. 2016ರಲ್ಲಿ ಎಲಾ ಗಾರ್ಡನ್ ರೈತರ ಪುಟ್ಟ ಮನೆಗಳನ್ನು ಸುತ್ತಲೂ ನಿಲ್ಲಿಸಿದರು. 2018ರ ಟೋಪಿಗೆ ಎಲಿಜಬೆತ್ ಜಾನ್‌ಸ್ಟನ್ ಉತ್ತರ ಧ್ರುವದ ಬೆಳಕಿನ ಹೆಸರಿಟ್ಟರು. ವಿನ್ಯಾಸ ಒಂದೇ ಆದರೂ ಬಣ್ಣದ ಆಯ್ಕೆ ಹೆಣೆಯುವವರದು. ಹಾಗಾಗಿ ಹಡಗಿನ ಮೊಗಸಾಲೆಯಲ್ಲಿ ಎದುರುಬದುರು ಕೂತ ಇಬ್ಬರ ತಲೆಯ ಮೇಲೂ ಅವೇ ಕುರಿಗಳಿರುತ್ತವೆ, ಒಬ್ಬರವು ಹಸಿರು ಹುಲ್ಲಿನ ಮೇಲೆ, ಇನ್ನೊಬ್ಬರವು ನೇರಳೆ ಹುಲ್ಲಿನ ಮೇಲೆ. ನೇರಳೆ ಹುಲ್ಲೇಕೆ ಎಂದು ಕೇಳದೆ ಇರಲು ಯಾವ ಹೆಣಿಗೆಗಾರರಿಗೂ ಆಗುವುದಿಲ್ಲ. ಹಳೆಯ ವರ್ಷದ ಟೋಪಿ ಹಾಕಿ ಬಂದವರಿಗೆ ಸ್ವಲ್ಪ ಹಿರಿತನದ ಗತ್ತೂ ಇರುತ್ತದೆ. ಅದನ್ನು ಅವರು ಒಪ್ಪಿಕೊಳ್ಳುವುದಿಲ್ಲ, ಅಷ್ಟೆ.

ಟೋಪಿ ಇಲ್ಲದಿದ್ದರೂ ಕೈಯಲ್ಲಿ ಕಡ್ಡಿ ಇದ್ದರೆ ಸಾಕು. ಪ್ರಯಾಣದಲ್ಲಿ ಪುಸ್ತಕ ಓದುವವರನ್ನು ಮಾತಾಡಿಸುವುದು ಅಡ್ಡಿ ಮಾಡಿದಂತೆ. ಫೋನು ನೋಡುತ್ತಿರುವವರನ್ನಂತೂ ಯಾರೂ ಮಾತಾಡಿಸುವುದಿಲ್ಲ. ಹೆಣೆಯುವವರ ಸ್ಥಿತಿ ಬೇರೆ. ಕೈಗೆ ಕೆಲಸವಿದೆ, ಕಣ್ಣು ಮತ್ತು ಕಿವಿ ಬಿಡುವಾಗಿವೆ. ಮಾಡುತ್ತಿರುವುದು ಏನೆಂದು ಎಲ್ಲರಿಗೂ ಕಾಣುತ್ತದೆ. ಸಾಲು ಮುಗಿದ ಕೂಡಲೇ ನಿಲ್ಲಿಸಿ ತಲೆ ಎತ್ತಬಹುದು. ಮಾತು ಸಾಕೆನಿಸಿದರೆ ಕುಣಿಕೆ ಎಣಿಸುವ ನೆಪದಲ್ಲಿ ಮತ್ತೆ ತಲೆ ತಗ್ಗಿಸಲೂಬಹುದು. ಈ ಎರಡನೆಯ ಅನುಕೂಲ ಮೊದಲನೆಯದಕ್ಕಿಂತ ದೊಡ್ಡದು. ಎದ್ದುಹೋಗದೆಯೇ ಮಾತಿನಿಂದ ಹೊರಬರುವ ದಾರಿ ಇರುವುದರಿಂದಲೇ ನಾಚಿಕೆಯ ಸ್ವಭಾವದವರೂ ಮಾತಿಗೆ ಇಳಿಯುತ್ತಾರೆ.

ಹೆಣಿಗೆಗಾರರು ಪರಸ್ಪರ ಗುರುತಿಸುವ ಕ್ರಮದಲ್ಲಿ ಮುಖಕ್ಕೆ ಎರಡನೆಯ ಸ್ಥಾನ. ಮೊದಲು ನೋಟ ಹೋಗುವುದು ತೋಳಿನ ಅಂಚಿಗೆ, ಕೊರಳಪಟ್ಟಿಗೆ, ಆಮೇಲೆ ಕೈಗೆ. ನೂಲು ಹಿಡಿಯುವ ರೀತಿ ಕಂಡರೆ ಕಲಿಸಿದವರು ಎಲ್ಲಿಯವರು ಎಂಬುದು ಸುಮಾರಾಗಿ ತಿಳಿಯುತ್ತದೆ. ಬಲಗೈ ಬೆರಳಿನಿಂದ ನೂಲನ್ನು ಕಡ್ಡಿಯ ಮೇಲೆ ಎಸೆಯುವುದು ಇಂಗ್ಲೆಂಡಿನ ವಾಡಿಕೆ. ಎಡಗೈ ತೋರುಬೆರಳಿಗೆ ನೂಲು ಸುತ್ತಿ ಕಡ್ಡಿಯ ತುದಿಯಿಂದ ಹೆಕ್ಕುವುದು ಜರ್ಮನಿಯ ಕಡೆಯದು. ಪೋರ್ಚುಗಲ್ಲಿನವರು ನೂಲನ್ನು ಕುತ್ತಿಗೆಯ ಸುತ್ತ ಹಾಯಿಸಿಯೋ ಎದೆಗೆ ಚುಚ್ಚಿದ ಪಿನ್ನಿನ ಮೂಲಕವೋ ತಂದು ಹೆಬ್ಬೆರಳಿನಿಂದ ತಳ್ಳುತ್ತಾರೆ. ಪೆರು ದೇಶದ ಬೆಟ್ಟದ ಊರುಗಳಲ್ಲೂ ಇದೇ ರೂಢಿ. ಶೆಟ್ಲೆಂಡಿನ ಹಿರಿಯರದು ಇವೆಲ್ಲಕ್ಕಿಂತ ಬೇರೆ. ಅವರು ಸೊಂಟಕ್ಕೆ ಚರ್ಮದ ಪಟ್ಟಿ ಕಟ್ಟುತ್ತಾರೆ. ಅದರಲ್ಲಿ ಕುದುರೆಗೂದಲು ತುಂಬಿದ, ಮೈತುಂಬ ತೂತಿರುವ ಒಂದು ಮೆತ್ತೆ ಇರುತ್ತದೆ. ಉದ್ದನೆಯ ಉಕ್ಕಿನ ಕಡ್ಡಿಯ ಹಿಂತುದಿಯನ್ನು ತೂತಿಗೆ ಚುಚ್ಚಿದರೆ ಕಡ್ಡಿಯ ಭಾರವೆಲ್ಲ ಪಟ್ಟಿಯ ಮೇಲೆ ಬಿದ್ದು, ಬಲಗೈಗೆ ನೂಲು ಆಡಿಸುವುದೊಂದೇ ಕೆಲಸ ಉಳಿಯುತ್ತದೆ. ದ್ವೀಪದ ಹೇಜಲ್ ಟಿಂಡಾಲ್ ಈ ಕ್ರಮದಲ್ಲೇ ಹೆಣೆಯುವವರು. 2008ರ ಸ್ಪರ್ಧೆಯಲ್ಲಿ ಅವರು 3 ನಿಮಿಷಕ್ಕೆ 262 ಕುಣಿಕೆ ಹೆಣೆದು ಜಗತ್ತಿನ ಅತಿವೇಗದ ಹೆಣಿಗೆಗಾರ್ತಿ ಎನಿಸಿದರು. ಇದೇ ಪಟ್ಟಿ ಕಟ್ಟಿಕೊಂಡು ಹಿಂದಿನ ಹೆಂಗಸರು ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಕಾಲುಚೀಲ ಹೆಣೆಯುತ್ತಿದ್ದರು. ಹಳೆಯ ಛಾಯಾಚಿತ್ರಗಳಲ್ಲಿ ಆ ನೋಟ ಉಳಿದಿದೆ.

ಹಡಗು ನೇರವಾಗಿ ಹೋಗುವ ದಿನ ಸಂಜೆ 7ಕ್ಕೆ ಅಬರ್ಡೀನ್ ಬಿಟ್ಟು ಬೆಳಗ್ಗೆ 7.30ಕ್ಕೆ ಲೆರ್ವಿಕ್ ತಲುಪುತ್ತದೆ. ಆ ಹನ್ನೆರಡೂವರೆ ಗಂಟೆಯಲ್ಲಿ ಪರಿಚಯಕ್ಕೆ ಒದಗುವುದು ಊಟದಿಂದ ನಿದ್ದೆಯವರೆಗಿನ ಹೊತ್ತು. ಫೇರ್ ಐಲ್ ದ್ವೀಪ ದಾಟಿ ಶೆಟ್ಲೆಂಡಿನ ದಕ್ಷಿಣ ತುದಿಯಾದ ಸಂಬರ ಬಳಿ ಬಂದಾಗ ಎರಡು ಕಡೆಯ ಪ್ರವಾಹಗಳು ಕೂಡಿ ಸಮುದ್ರ ಕುದಿಯುವ ಜಾಗವೊಂದಿದೆ. ಲೆಕ್ಕ ತಪ್ಪಿದರೆ ಕೆಡುವ ಜಾಳಿಗೆ ಹೆಣಿಗೆಯನ್ನು ಅನುಭವಿಗಳು ಅಷ್ಟರೊಳಗೆ ಚೀಲಕ್ಕೆ ಸೇರಿಸಿ, ಬರೀ ಸುತ್ತು ಹೆಣೆಯುವ ಕಾಲುಚೀಲ ಕೈಗೆತ್ತಿಕೊಂಡಿರುತ್ತಾರೆ. ಹಡಗಿನಲ್ಲಿ ಹೆಣಿಗೆಯವರೇ ತುಂಬಿರುವುದಿಲ್ಲ. ತೈಲದ ಕೆಲಸಕ್ಕೆ ಹೋಗುವವರಿದ್ದಾರೆ, ಮೀನುಗಾರರಿದ್ದಾರೆ, ಅಬರ್ಡೀನಿನ ಆಸ್ಪತ್ರೆಗೆ ಹೋಗಿ ಮರಳುವ ದ್ವೀಪದವರಿದ್ದಾರೆ. ಅತ್ಯುತ್ತಮ ಭೇಟಿಗಳು ಆಗುವುದು ಈ ಹೊರಗಿನವರ ಜೊತೆ. ಕಡ್ಡಿಯನ್ನೇ ಮುಟ್ಟದ ದ್ವೀಪದ ಗಂಡಸೊಬ್ಬ ಅಪರಿಚಿತೆಯ ಕೈಲಿರುವ ತುಂಡನ್ನು ನೋಡಿ, ತನ್ನಜ್ಜಿ ಈ ನಕ್ಷತ್ರವನ್ನು ಇನ್ನೂ ಒತ್ತಾಗಿ ಹಾಕುತ್ತಿದ್ದಳು ಎನ್ನಬಲ್ಲ. ಮನೆಮನೆಯಲ್ಲೂ ಹೆಣಿಗೆಯಿಂದ ಒಲೆ ಉರಿದ ನಾಡಿನಲ್ಲಿ ಹೆಣೆಯಲು ಬಾರದವರಿಗೂ ಹೆಣಿಗೆಯ ಕಣ್ಣಿದೆ.

ಹೆಣಿಗೆಗೂ ಹಡಗಿನಲ್ಲಿ ಬಂದ ಅಪರಿಚಿತರಿಗೂ ಇರುವ ನಂಟು ಲೆರ್ವಿಕ್ ಪಟ್ಟಣಕ್ಕಿಂತ ಹಳೆಯದು. ಪಟ್ಟಣ ಹುಟ್ಟಿದ್ದೇ ಆ ನಂಟಿನಿಂದ ಎಂದರೂ ತಪ್ಪಿಲ್ಲ. 17ನೆಯ ಶತಮಾನದಲ್ಲಿ ಹೆರಿಂಗ್ ಮೀನು ಹಿಡಿಯಲು ಬರುತ್ತಿದ್ದ ಡಚ್ಚರ ದೋಣಿಗಳು ಬೇಸಿಗೆಯಲ್ಲಿ ಬ್ರೆಸ್ಸೆ ಜಲಸಂಧಿಯಲ್ಲಿ ತಂಗುತ್ತಿದ್ದವು. ದ್ವೀಪದ ಜನ ದಡಕ್ಕಿಳಿದು ಉಣ್ಣೆಯ ಕಾಲುಚೀಲಗಳನ್ನು ಮಾರುತ್ತಿದ್ದರು. ದಡದಲ್ಲಿ ಎದ್ದ ಗುಡಿಸಲುಗಳಲ್ಲಿ ಕಾಲುಚೀಲದ ವ್ಯಾಪಾರದ ಜೊತೆಗೆ ಕುಡಿತ, ಜಗಳ ಎಲ್ಲವೂ ನಡೆಯುತ್ತಿದ್ದುದರಿಂದ 1625ರಲ್ಲಿ ದ್ವೀಪದ ಸ್ಕಾಲೊವೇ ಊರಿನ ನ್ಯಾಯಾಲಯ ಆ ಗುಡಿಸಲುಗಳನ್ನು ಕೆಡವಬೇಕೆಂದು ಆಜ್ಞೆ ಮಾಡಿತು. ಆಜ್ಞೆಗೆ ಸಿಕ್ಕ ಮರ್ಯಾದೆ ಎಷ್ಟೆಂಬುದು ಈಗಿನ ಲೆರ್ವಿಕ್ ನೋಡಿದರೆ ಗೊತ್ತಾಗುತ್ತದೆ.

ಆಮೇಲಿನ ಕತೆ ಅಷ್ಟು ಖುಷಿಯದಲ್ಲ. 19ನೆಯ ಶತಮಾನದಲ್ಲಿ ವರ್ತಕರು ಹೆಣಿಗೆಗೆ ಹಣ ಕೊಡದೆ ಚಹಾ, ಬಟ್ಟೆ ಮುಂತಾದ ಸಾಮಾನು ಕೊಡುತ್ತಿದ್ದರು. ರಾತ್ರಿಯೆಲ್ಲ ಹೆಣೆದವಳಿಗೆ ಬೇಕಿದ್ದುದು ಹಿಟ್ಟು, ಸಿಗುತ್ತಿದ್ದುದು ಚಹಾ. ಆ ಚಹಾವನ್ನು ಮತ್ತೆ ಯಾರಿಗೋ ಕೊಟ್ಟು ಹಿಟ್ಟು ತರಬೇಕಿತ್ತು. 1872ರಲ್ಲಿ ಸರ್ಕಾರದ ಆಯೋಗ ಇದರ ವಿಚಾರಣೆ ನಡೆಸಿದಾಗ ಹೆಣೆಯುವ ಹೆಂಗಸರೇ ಬಂದು ಸಾಕ್ಷಿ ಹೇಳಿದರು. ಶೆಟ್ಲೆಂಡಿನ ಹೆಣಿಗೆ ಹೊರಲೋಕಕ್ಕೆ ಕಾಣುವಂತೆ ಮಾಡಿದವರಲ್ಲಿ ಆರ್ಥರ್ ಆಂಡರ್ಸನ್ ಒಬ್ಬ. ಲೆರ್ವಿಕ್‌ನ ಅಂಚಿನ ಗ್ರೆಮಿಸ್ಟಾದಲ್ಲಿ ಹುಟ್ಟಿದ ಈತ ರಾಣಿ ವಿಕ್ಟೋರಿಯಾಗೆ ದ್ವೀಪದ ನಯವಾದ ಕಾಲುಚೀಲಗಳನ್ನು ಕಾಣಿಕೆ ಕೊಟ್ಟು, ಆಸ್ಥಾನದ ಹೆಂಗಸರ ಗಮನ ಅತ್ತ ಹರಿಯುವಂತೆ ಮಾಡಿದ. ಭಾರತಕ್ಕೆ 1840ರ ದಶಕದಿಂದ ಟಪಾಲು ತರುತ್ತಿದ್ದ ಪಿ ಅಂಡ್ ಓ ಹಡಗು ಕಂಪನಿ ಕಟ್ಟಿದವರಲ್ಲೂ ಇವನೇ ಒಬ್ಬ.

ಈಗ ಕಾಲುಚೀಲ ಹೊರಗೆ ಹೋಗುವ ಬದಲು ಕಲಿಯುವವರು ಒಳಗೆ ಬರುತ್ತಾರೆ, ಅದೂ ಹಣ ಕೊಟ್ಟು. ಊರ ಅಂಗಡಿಗಳಲ್ಲೇ ಅರ್ಧ ತರಗತಿ ನಡೆದುಹೋಗುತ್ತದೆ. ಜೇಮಿಸನ್ಸ್ ಕಂಪನಿಯ ಒಂದೇ ಬಗೆಯ ನೂಲಿನಲ್ಲಿ ಇನ್ನೂರಕ್ಕೂ ಹೆಚ್ಚು ಬಣ್ಣಗಳಿವೆ. ಅವುಗಳ ಕಪಾಟಿನ ಮುಂದೆ ಎರಡು ಉಂಡೆ ಹಿಡಿದು ಅತ್ತ ಇತ್ತ ನೋಡುತ್ತ ನಿಂತವರನ್ನು ಪಕ್ಕದವರು ತಾವಾಗಿಯೇ ವಿಚಾರಿಸುತ್ತಾರೆ. ಫೇರ್ ಐಲ್ ದ್ವೀಪದ ಹೆಸರಿನ ಚಿತ್ತಾರದ ಹೆಣಿಗೆಯಲ್ಲಿ ಒಂದು ಸಾಲಿಗೆ ಎರಡೇ ಬಣ್ಣ. ಚಿತ್ತಾರ ಎದ್ದು ಕಾಣಬೇಕಾದರೆ ಅವೆರಡರ ನಡುವೆ ಗಾಢ ತಿಳಿಗಳ ಅಂತರ ಇರಬೇಕು. ಕೆಂಪು, ಹಸಿರು ಎಂದು ಹೆಸರು ಬೇರೆಯಾದ ಮಾತ್ರಕ್ಕೆ ಆ ಅಂತರ ಬರುವುದಿಲ್ಲ. ಇದನ್ನು ಪರೀಕ್ಷಿಸಲು ಉಂಡೆಗಳನ್ನು ಜೊತೆಗಿಟ್ಟು ಫೋನಿನಲ್ಲಿ ಕಪ್ಪು ಬಿಳುಪು ಚಿತ್ರ ತೆಗೆಯುವುದು ಒಳ್ಳೆಯ ಉಪಾಯ. ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಒಂದನ್ನು ಕಪಾಟಿಗೆ ಮರಳಿಸಬೇಕು. ಈ ಉಪಾಯವನ್ನು ಪಾಠದಲ್ಲಿ ಕೇಳಿದವರಿಗಿಂತ ಅಂಗಡಿಯಲ್ಲಿ ಅಪರಿಚಿತರಿಂದ ಕಲಿತವರೇ ಹೆಚ್ಚಿರಬೇಕು.

ಪಾಠಗಳು ನಡೆಯುವುದು ಬಹುಮಟ್ಟಿಗೆ ಹಳ್ಳಿಯ ಸಮುದಾಯ ಭವನಗಳಲ್ಲಿ, ಶಾಲೆಗಳಲ್ಲಿ. ಅವುಗಳಲ್ಲಿ ಎಲ್ಲರ ಎದೆ ಹೊಡೆದುಕೊಳ್ಳುವ ಪಾಠ ಕತ್ತರಿಯದು. ಫೇರ್ ಐಲ್ ಸ್ವೆಟರನ್ನು ಮುಂಭಾಗ ತೆರೆಯುವಂಥದ್ದಾದರೂ ಮೊದಲು ಕೊಳವೆಯಂತೆ ಸುತ್ತಾಗಿಯೇ ಹೆಣೆಯುತ್ತಾರೆ. ಹಾಗೆ ಮಾಡಿದರೆ ಚಿತ್ತಾರದ ಹೊರಮೈ ಯಾವಾಗಲೂ ಕಣ್ಣಮುಂದೆ ಇರುತ್ತದೆ. ಗುಂಡಿಪಟ್ಟಿ ಬರುವ ಕಡೆ, ತೋಳು ಕೂರಿಸುವ ಕಡೆ ಕೆಲವು ಹೆಚ್ಚುವರಿ ಕುಣಿಕೆಗಳ ಸೇತುವೆ ಹಾಕಿರುತ್ತಾರೆ. ಕೊನೆಗೆ ಆ ಸೇತುವೆಯ ನಡುವೆ ನೇರ ಕತ್ತರಿ ಆಡಿಸಬೇಕು. ತಿಂಗಳುಗಟ್ಟಲೆ ಹೆಣೆದದ್ದಕ್ಕೆ ಕತ್ತರಿ! ನುಣುಪಾದ ಹತ್ತಿಯ ನೂಲಿಗೆ ಹೀಗೆ ಮಾಡಿದರೆ ಬಿಚ್ಚಿಕೊಳ್ಳುತ್ತ ಹೋದೀತು. ಶೆಟ್ಲೆಂಡ್ ಕುರಿಯ ಉಣ್ಣೆಯ ಎಳೆಗಳ ಮೇಲೆ ಸೂಕ್ಷ್ಮ ಹುರುಪೆಗಳಿರುವುದರಿಂದ ಅವು ಒಂದಕ್ಕೊಂದು ಕಚ್ಚಿ ಹಿಡಿದುಕೊಳ್ಳುತ್ತವೆ, ಕತ್ತರಿಸಿದ ಅಂಚು ಅಲ್ಲೇ ನಿಲ್ಲುತ್ತದೆ. ಈ ಕಾರಣ ಗೊತ್ತಿದ್ದರೂ ಮೊದಲ ಸಲ ಕೈ ನಡುಗುತ್ತದೆ. ಪಕ್ಕದ ಕುರ್ಚಿಯವರು ಬಟ್ಟೆಯನ್ನು ಎರಡೂ ಕಡೆ ಬಿಗಿಯಾಗಿ ಹಿಡಿದುಕೊಟ್ಟರೆ ಮಾತ್ರ ಕತ್ತರಿ ನಡೆದೀತು. ಹೆಸರು ಕೇಳುವ ಮೊದಲೇ ಒಬ್ಬರ ಸ್ವೆಟರಿನ ಪ್ರಾಣ ಇನ್ನೊಬ್ಬರ ಕೈಯಲ್ಲಿರುತ್ತದೆ. ಅಲ್ಲಿಂದ ಮುಂದೆ ಅವರನ್ನು ಅಪರಿಚಿತರು ಎನ್ನುವುದು ಕಷ್ಟ.

ಉತ್ತರದ ತುದಿಯ ಅನ್‌ಸ್ಟ್ ದ್ವೀಪಕ್ಕೆ ಹೋಗುವವರಿಗೆ ಎರಡು ಸಲ ಚಿಕ್ಕ ಹಡಗು ಹತ್ತಿ ಇಳಿಯುವುದಿದೆ. ಕಾಯುವ ಹೊತ್ತು ಹೆಚ್ಚಾದಷ್ಟೂ ಪರಿಚಯವೂ ಹೆಚ್ಚು. ಅಲ್ಲಿ ಸೋಫಾ, ಪರದೆ ಎಲ್ಲ ಇಟ್ಟು ಸಿಂಗರಿಸಿದ ಒಂದು ಬಸ್ ತಂಗುದಾಣವಿದೆ. ನೋಡಲೆಂದೇ ಜನ ಬರುವುದರಿಂದ ಬಸ್ಸಿಗೆ ಕಾಯದವರೂ ಅಲ್ಲಿ ಕೂತು ಕಡ್ಡಿ ತೆಗೆಯುತ್ತಾರೆ. ಅನ್‌ಸ್ಟ್‌ನ ಹೆಸರು ನಿಂತಿರುವುದು ಜಾಳಿಗೆ ಶಾಲುಗಳಿಂದ. ಕುರಿಯ ಕೊರಳಿನ ಭಾಗದ ಮೃದು ಉಣ್ಣೆಯನ್ನು ಕತ್ತರಿಸದೆ ಕೈಯಿಂದ ಕಿತ್ತು, ಕೂದಲೆಳೆಗಿಂತ ಸಣ್ಣಗೆ ನೂತು ಹೆಣೆದ ಶಾಲು ಮದುವೆಯ ಉಂಗುರದೊಳಗೆ ಸರಾಗವಾಗಿ ತೂರಿ ಬರುತ್ತದೆ. ಭಾರತದಿಂದ ಹೋದವರಿಗೆ ಇಲ್ಲಿ ಮಾತಾಡಲು ಒಳ್ಳೆಯ ಅವಕಾಶ. ಕಾಶ್ಮೀರದ ಶಾಲಿಗೂ ಇದೇ ಉಂಗುರದ ಪರೀಕ್ಷೆ ಇತ್ತು. ಆದರೆ ಅದು ಮಗ್ಗದಲ್ಲಿ ನೇಯ್ದದ್ದು, ಇದು ಕಡ್ಡಿಯಲ್ಲಿ ಹೆಣೆದದ್ದು. ನೇಯ್ಗೆ ಹೆಣಿಗೆಗಳ ಭೇದವನ್ನು ಕೈ ಸನ್ನೆಯಲ್ಲೇ ವಿವರಿಸಿ ಮುಗಿಸುವಷ್ಟರಲ್ಲಿ ದೋಣಿ ಬಂದಿರುತ್ತದೆ.

ಬೆಂಗಳೂರಿನ ಕಡೆಯಿಂದ ಹೊರಟವರಿಗೆ ಈ ಭೇಟಿಗಳು ಮನೆಯ ಹತ್ತಿರವೇ ಶುರುವಾಗುತ್ತವೆ. ಬ್ರಿಟನ್ನಿನ ನಿಯಮದಲ್ಲಿ ಹೆಣಿಗೆ ಕಡ್ಡಿಯನ್ನು ವಿಮಾನದೊಳಗೆ ಒಯ್ಯಬಹುದು. ಆದರೆ ಎಲ್ಲಿಯೇ ಆಗಲಿ ಕೊನೆಯ ಮಾತು ತಪಾಸಣೆಗೆ ನಿಂತವರದು. ಬಿದಿರಿನ ಗಿಡ್ಡ ಕಡ್ಡಿಗಳನ್ನು ವೈರಿನಿಂದ ಜೋಡಿಸಿದ ಬಗೆ ಒಯ್ಯುವುದು ಜಾಣತನ, ಅದರಲ್ಲಿ ಆಯುಧದ ಕಳೆ ಕಡಿಮೆ. ಚೀಲ ತೆರೆಸಿದ ಸಿಬ್ಬಂದಿಯಲ್ಲಿ ಒಬ್ಬರು ‘ಮೊಮ್ಮಗುವಿಗಾ ಅಮ್ಮಾ?’ ಎಂದು ಕೇಳುವುದು ಉಂಟು. ನಮ್ಮಲ್ಲಿ ಉಣ್ಣೆ ಹೆಣೆಯುವ ಹೆಂಗಸು ಎಂದರೆ ಎಲ್ಲೋ ಒಂದು ಕೂಸಿಗೆ ಕುಲಾವಿ ತಯಾರಾಗುತ್ತಿದೆ ಎಂದೇ ಲೆಕ್ಕ. ತನಗಾಗಿ ಹೆಣೆದುಕೊಳ್ಳುತ್ತಾಳೆಂದರೆ ನಂಬುವುದು ಕಷ್ಟ. ಹಡಗಿನಲ್ಲಿ ಎದುರಾಗುವ ಪ್ರಶ್ನೆ ಇದಕ್ಕೆ ತಿರುವುಮುರುವು. ಬಿಸಿಲ ನಾಡಿನವರಿಗೆ ಉಣ್ಣೆಯ ಹಂಬಲವೇಕೆ ಎಂಬುದು ಸಹಪ್ರಯಾಣಿಕರ ಅಚ್ಚರಿ. ಮಡಿಕೇರಿಯ ಮಳೆಗಾಲವನ್ನೂ ಕಿವಿಗೆ ಮಫ್ಲರ್ ಸುತ್ತಿ ವಾಕಿಂಗ್ ಹೊರಡುವ ಡಿಸೆಂಬರಿನ ಬೆಂಗಳೂರಿಗರನ್ನೂ ವರ್ಣಿಸಿದರೆ ಅವರು ನಗುತ್ತಾರೆ, ಪೂರ್ತಿ ನಂಬುವುದಿಲ್ಲ.

ಮುಟ್ಟಿ ನೋಡುವುದಕ್ಕೂ ಒಂದು ಶಿಷ್ಟಾಚಾರವಿದೆ. ಕೇಳದೆ ಮುಟ್ಟಬಾರದು. ಅನುಮತಿ ಸಿಕ್ಕ ಮೇಲೆ ಅಂಚನ್ನು ಮಗುಚಿ ಒಳಮೈ ನೋಡುವುದು ತಪ್ಪಲ್ಲ, ಅದೇ ನಿಜವಾದ ಮೆಚ್ಚುಗೆ. ಹೊರಮೈ ಎಲ್ಲರೂ ಹೊಗಳುವಂಥದ್ದು. ಹಿಂದೆ ಹಾಯ್ದ ಎಳೆಗಳು ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಇವೆಯೇ ಎಂದು ಗಮನಿಸುವವರು ಬಲ್ಲವರು. ಲೆರ್ವಿಕ್‌ನ ಬೀದಿಯಲ್ಲಿ ಹಿರಿಯಳೊಬ್ಬಳು ತೋಳಿನ ಅಂಚು ತಿರುವಿ ನೋಡಿ ಏನೂ ಹೇಳದೆ ತಲೆಯಾಡಿಸಿದರೆ ಆ ಪ್ರಯಾಣದ ಖರ್ಚು ವಸೂಲಾದಂತೆ.

ಮರಳುವಾಗ ಹೆಣಿಗೆಯವರ ನಿಜವಾದ ಕಷ್ಟ ತೂಕದ್ದು. ಉಣ್ಣೆ ಹಗುರವೆಂಬ ನಂಬಿಕೆ ಹತ್ತನೆಯ ಉಂಡೆಯವರೆಗೆ ಮಾತ್ರ. ಸಂಬರದ ವಿಮಾನ ನಿಲ್ದಾಣದಿಂದ ಹಾರುವ ಚಿಕ್ಕ ವಿಮಾನಗಳಲ್ಲಿ ಸಾಮಾನಿನ ಮಿತಿ ಬಿಗಿ. ಕೆಲವರು ಹೊಸ ಸ್ವೆಟರುಗಳನ್ನು ಒಂದರ ಮೇಲೊಂದು ತೊಟ್ಟು ವಿಮಾನ ಹತ್ತುತ್ತಾರೆ. ಕೆಲವರು ಅಂಗಡಿಯಿಂದಲೇ ಅಂಚೆಗೆ ಹಾಕಿಸುತ್ತಾರೆ. ಉಳಿದವರು ಹಡಗನ್ನೇ ನಂಬುತ್ತಾರೆ, ಅಲ್ಲಿ ಇಷ್ಟು ಬಿಗಿಯಿಲ್ಲ. ಹೀಗಾಗಿ ಹಬ್ಬದ ಕೊನೆಯ ದಿನಗಳಲ್ಲಿ ಅಬರ್ಡೀನಿಗೆ ಹೊರಡುವ ಹಡಗಿನ ಮೇಜುಗಳ ಮೇಲೆ ಚೀಲಗಳು ಬಿಚ್ಚಿಕೊಳ್ಳುತ್ತವೆ. ಒಬ್ಬರಿಗೆ ಮಿಕ್ಕ ಸಾಸಿವೆ ಬಣ್ಣದ ಅರ್ಧ ಉಂಡೆ ಇನ್ನೊಬ್ಬರ ಸ್ವೆಟರಿನ ಕೊನೆಯ ಸಾಲಿಗೆ ಸರಿಹೊಂದುತ್ತದೆ. ಬದಲಿಗೆ ನೀಲಿ ಬರುತ್ತದೆ, ಬಣ್ಣದ ಸಂಖ್ಯೆ ಬರೆದ ಚೀಟಿಯೂ ಅದರ ಜೊತೆಗೆ ಬರುತ್ತದೆ.