ಅತ್ತೆಯವರ ಬುಗುರಿ ಡಬ್ಬಿ

ಅಡುಗೆಯ ಮನೆಗೆ ಹೊಸದೊಂದು ಸಾಧನ ಬಂದಾಗಲೆಲ್ಲ ಹಳೆಯದೊಂದು ಮೂಲೆ ಸೇರುವುದು ಲೋಕದ ರೂಢಿ. ಮಿಕ್ಸರು ಬಂದ ಮೇಲೆ ಒರಳುಕಲ್ಲು ಹಿತ್ತಲಿಗೆ ಹೋಯಿತು. ಗ್ಯಾಸಿನ ಒಲೆ ಬಂದ ಮೇಲೆ ಊದುಗೊಳವೆ ಮಕ್ಕಳ ಆಟದ ಸಾಮಾನಾಯಿತು. ವಸ್ತುಗಳು ಹೀಗೆ ಮೂಲೆ ಸೇರಿದರೆ ಯಾರಿಗೂ ನೋವಿಲ್ಲ. ಆದರೆ ಅವುಗಳೊಂದಿಗೆ ಒಮ್ಮೊಮ್ಮೆ ಮನೆಯ ಹಿರಿಯರೂ ಮೂಲೆ ಸೇರಿಬಿಡುತ್ತಾರೆ. ಅದು ಉಳಿದವರ ಗಮನಕ್ಕೆ ಬರುವಷ್ಟರಲ್ಲಿ ಬಹಳ ದಿನ ಕಳೆದಿರುತ್ತವೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಗಿತ್ತು. ಆ ಹಿರಿಯರನ್ನು ಮತ್ತೆ ಅಡುಗೆಯ ಮನೆಗೆ ಕರೆತಂದದ್ದು 300 ರೂಪಾಯಿಗೂ ಕಡಿಮೆ ಬೆಲೆಯ ಒಂದು ಪ್ಲಾಸ್ಟಿಕ್ ಡಬ್ಬಿ. ನಮ್ಮ ತಪ್ಪು ಮತ್ತೊಂದು ಮನೆಯಲ್ಲಿ ಆಗದಿರಲೆಂಬ ಉದ್ದೇಶದಿಂದ ಆ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವೆಂದರೆ ಧಾರವಾಡದ ಒಂದು ಮನೆಯ ಇಬ್ಬರು ಸೊಸೆಯಂದಿರು. ಒಬ್ಬರು ಶಾಲೆಯಲ್ಲಿ ಶಿಕ್ಷಕಿ, ಇನ್ನೊಬ್ಬರು ಬ್ಯಾಂಕಿನ ಉದ್ಯೋಗಿ. ನಾವು ಈ ಮನೆ ತುಂಬಿದಾಗ ಅಡುಗೆಯ ಮನೆಯ ಒಡೆತನವೆಲ್ಲ ಅತ್ತೆಯವರದಾಗಿತ್ತು. ಬೆಳಗಿನ ಆರು ಗಂಟೆಗೆ ಅವರು ಈಳಿಗೆಮಣೆಯ ಮೇಲೆ ಕುಳಿತರೆಂದರೆ ಆ ದಿನದ ಕಾಯಿಪಲ್ಯ, ಸೊಪ್ಪು ಎಲ್ಲವೂ ಅರ್ಧ ಗಂಟೆಯಲ್ಲಿ ತಟ್ಟೆಗಳಲ್ಲಿ ಬೇರೆ ಬೇರೆಯಾಗಿ ಸಿದ್ಧವಾಗುತ್ತಿದ್ದವು. ಕೊತ್ತಂಬರಿಯ ಕಟ್ಟನ್ನು ಎರಡೂ ಕೈಗಳಲ್ಲಿ ಒತ್ತಾಗಿ ಹಿಡಿದು ಅಲಗಿಗೆ ತಾಗಿಸುವಾಗ ಅವರ ಕಣ್ಣು ಒಲೆಯ ಮೇಲಿನ ಹಾಲಿನ ಕಡೆಗೆ, ಮಾತು ಬಾಗಿಲಲ್ಲಿ ನಿಂತ ನೆರೆಮನೆಯವರ ಕಡೆಗೆ. ಕೈಗಳು ಮಾತ್ರ ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿದ್ದವು. ಅವರು ಮಾಡುವ ಗಿರ್ಮಿಟ್ಟಿಗೆ ಓಣಿಯಲ್ಲೆಲ್ಲ ಹೆಸರಿತ್ತು. ಹುಣಸೆ ಬೆಲ್ಲದ ಗೊಜ್ಜು, ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ ಸೇರಿಸಿ ಕಲಸಿದ ಚುರುಮುರಿಯ ಮೇಲೆ ಅವರು ಉದುರಿಸುತ್ತಿದ್ದ ಕೊತ್ತಂಬರಿ ಹಸಿರು ರವೆಯಂತಿರುತ್ತಿತ್ತು.

2017ರಲ್ಲಿ ಅವರ ಕೈಬೆರಳುಗಳ ಗೆಣ್ಣುಗಳು ಬಾತುಕೊಳ್ಳತೊಡಗಿದವು. ವೈದ್ಯರು ಪರೀಕ್ಷಿಸಿ ರುಮಟಾಯ್ಡ್ ಸಂಧಿವಾತವೆಂದರು. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಪುರುಷರಿಗಿಂತ ಮಹಿಳೆಯರಲ್ಲಿಯೇ ಹೆಚ್ಚು. ಬೆಳಿಗ್ಗೆ ಎದ್ದಾಗ ಬೆರಳುಗಳು ಒಂದು ಗಂಟೆಗೂ ಹೆಚ್ಚು ಹೊತ್ತು ಮಡಚಲಾರದಷ್ಟು ಬಿಗಿದುಕೊಂಡಿರುತ್ತವೆ. ಔಷಧಿಯಿಂದ ಅದನ್ನು ಹತೋಟಿಯಲ್ಲಿಡಬಹುದೇ ಹೊರತು ಬೇರುಸಹಿತ ಕೀಳುವುದು ಕಷ್ಟ. ಆದರೂ ಅತ್ತೆಯವರು ಈಳಿಗೆ ಬಿಡಲಿಲ್ಲ. 2018ರ ಮಳೆಗಾಲದ ಒಂದು ಮುಂಜಾನೆ ಹಿಡಿತ ಜಾರಿ ಅಲಗು ಹೆಬ್ಬೆರಳಿಗೆ ತಾಗಿತು. ನಾಲ್ಕು ಹೊಲಿಗೆ ಬಿದ್ದವು. ಅಂದೇ ಸಂಜೆ ನಾವು ಈಳಿಗೆಮಣೆಯನ್ನು ಅಟ್ಟಕ್ಕೆ ಏರಿಸಿದೆವು. "ಅತ್ತಿ, ಇನ್ನ ನೀವು ಸುಮ್ನ ಕೂಡ್ರಿ. ನಾವಿಬ್ಬರೂ ಇದ್ದೀವಲ್ಲ" ಎಂದೆವು. ನಮ್ಮ ಮಾತಿನಲ್ಲಿ ಪ್ರೀತಿಯೇ ಇತ್ತು. ಅವರನ್ನು ಕೇಳಿ ಹೇಳಿದ ಮಾತು ಮಾತ್ರ ಅದಾಗಿರಲಿಲ್ಲ.

ಅತ್ತೆಯವರು ಎದುರಾಡಲಿಲ್ಲ. ಮೊದಲು ಅಡುಗೆಯ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆಮೇಲೆ ಆ ಕುರ್ಚಿ ಪಡಸಾಲೆಗೆ ಹೋಯಿತು. ಸಾರಿಗೆ ಉಪ್ಪು ಹೆಚ್ಚಾದರೂ ಮಾತಿಲ್ಲ, ಕಡಿಮೆಯಾದರೂ ಮಾತಿಲ್ಲ. ಏನು ಅಡುಗೆ ಮಾಡೋಣವೆಂದು ಕೇಳಿದರೆ "ನಿಮಗ ತಿಳದದ್ದ ಮಾಡ್ರಿ" ಎನ್ನುವರು. ಇವರಿಗೆ ಕೊನೆಗೂ ವಿಶ್ರಾಂತಿ ದೊರೆಯಿತೆಂದು ನಾವು ಸಮಾಧಾನಪಟ್ಟೆವು. ವಿಶ್ರಾಂತಿಗೂ ವಿರಕ್ತಿಗೂ ಇರುವ ಅಂತರವನ್ನು ಗುರುತಿಸುವಷ್ಟು ವ್ಯವಧಾನ ನಮಗಿರಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು.

2019ರ ಶ್ರಾವಣದಲ್ಲಿ ನಾವು ಆ ಡಬ್ಬಿಯನ್ನು ತಂದೆವು. ತಂದದ್ದು ಅತ್ತೆಯವರಿಗಾಗಿ ಅಲ್ಲ, ಬೆಳಗಿನ ಅವಸರದಲ್ಲಿ ನಮ್ಮ ಕೆಲಸ ಬೇಗ ಮುಗಿಯಲೆಂದು. ಈಗ ಅನೇಕ ಮನೆಗಳಲ್ಲಿ ಇರುವ ದಾರ ಎಳೆಯುವ ಚಾಪರ್ ಅದು. ಬೊಗಸೆಯಷ್ಟಗಲದ ಬಟ್ಟಲು; ಅದರ ನಡುವಿನ ಕಡ್ಡಿಗೆ ಬೇರೆ ಬೇರೆ ಎತ್ತರದಲ್ಲಿ ಮೂರು ಅಲಗುಗಳು. ಮುಚ್ಚಳದ ಒಳಗೆ ಒಂದು ರಾಟೆ, ಅದಕ್ಕೆ ಸುತ್ತಿದ ದಾರ, ಜೊತೆಗೊಂದು ಸುರುಳಿ ಸ್ಪ್ರಿಂಗು. ದಾರ ಎಳೆದಾಗ ರಾಟೆ ತಿರುಗಿ ಅಲಗುಗಳನ್ನು ತಿರುಗಿಸುತ್ತದೆ. ಬಿಟ್ಟಾಗ ಸ್ಪ್ರಿಂಗು ದಾರವನ್ನು ಮರಳಿ ಒಳಕ್ಕೆ ಸುತ್ತಿಕೊಳ್ಳುತ್ತದೆ. ವಿದ್ಯುತ್ತಿನ ಹಂಗಿಲ್ಲ.

ಮೊದಲ ದಿನವೇ ಪೇಚಾಯಿತು. ಕೊತ್ತಂಬರಿಯ ಕಟ್ಟನ್ನು ನಲ್ಲಿಯ ಕೆಳಗೆ ಹಿಡಿದು, ಹಾಗೆಯೇ ಕೊಡವಿ, ಡಬ್ಬಿಯ ತುಂಬ ತುರುಕಿ, ಹತ್ತಿಪ್ಪತ್ತು ಬಾರಿ ಎಳೆದೆವು. ಮುಚ್ಚಳ ತೆಗೆದರೆ ಅರ್ಧ ಸೊಪ್ಪು ಬಟ್ಟಲಿನ ಗೋಡೆಗೆ ಅಂಟಿತ್ತು. ಉಳಿದರ್ಧ ತಳದಲ್ಲಿ ಕಡುಹಸಿರು ಮುದ್ದೆಯಾಗಿತ್ತು. ಅದನ್ನು ಒಂದು ತಟ್ಟೆಗೆ ಸುರಿದು ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಬಾಗಿಲಿನಿಂದ ಧ್ವನಿ ಬಂತು. ದಾರದ ಸದ್ದು ಕೇಳಿ ಅತ್ತೆಯವರು ಎದ್ದು ಬಂದಿದ್ದರು.

"ತೊಯ್ದ ಕೋತಂಬ್ರಿ ಹಾಕೀರಿ, ಅದಕ್ಕ ಹಿಂಗ ಆಗೇತಿ. ನೀರ ಆರಬೇಕ, ಆಮ್ಯಾಲ ಹೆಚ್ಚಬೇಕ."

ಒಂದು ವರ್ಷದ ಮೇಲೆ ಅವರು ಅಡುಗೆಯ ವಿಷಯವಾಗಿ ತಾವಾಗಿಯೇ ಆಡಿದ ಮೊದಲ ಮಾತು ಅದು. ನಮ್ಮಲ್ಲೊಬ್ಬರು "ಅತ್ತಿ, ಇಷ್ಟ ದಿನ ಯಾಕ ಏನೂ ಹೇಳಲಿಲ್ಲ?" ಎಂದು ಕೇಳಿಯೇಬಿಟ್ಟೆವು. ಅವರು ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿ, "ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ನನ್ನ ಕೈ ಕೆಟ್ಟಾವ, ನಾಲಿಗಿ ಕೆಟ್ಟಿಲ್ಲ" ಎಂದರು. ಕೋಪದಿಂದ ಆಡಿದ ಮಾತಾಗಿರಲಿಲ್ಲ. ಆದ್ದರಿಂದಲೇ ನಮಗೆ ಉತ್ತರ ಕೊಡಲಾಗಲಿಲ್ಲ. ಕೈಯ ನೋವನ್ನು ಕಡಿಮೆ ಮಾಡಲು ಹೋಗಿ ಅವರ ನಾಲಗೆಯ ಅನುಭವವನ್ನೂ ನಾವು ಅಟ್ಟಕ್ಕೆ ಏರಿಸಿಬಿಟ್ಟಿದ್ದೆವು.

ಮರುದಿನ ಅವರೇ ಪಾಠ ಹೇಳಿದರು. ಕೊತ್ತಂಬರಿಯನ್ನು ಅಗಲವಾದ ಪಾತ್ರೆಯ ನೀರಿನಲ್ಲಿ ಅದ್ದಿ ಸೊಪ್ಪನ್ನು ಮೇಲಕ್ಕೆತ್ತಬೇಕು. ನೀರನ್ನು ಸೊಪ್ಪಿನ ಮೇಲೆಯೇ ಬಸಿದರೆ ತಳದ ಮಣ್ಣು ಮತ್ತೆ ಎಲೆಗೆ ಹತ್ತುತ್ತದೆ. ಹೀಗೆ ಎರಡು ಮೂರು ನೀರು ಬದಲಿಸಿದ ಮೇಲೆ ಹಳೆಯ ಹತ್ತಿಬಟ್ಟೆಯ ಮೇಲೆ ಹರವಿ ಆರಲು ಬಿಡಬೇಕು. ಬಲಿತ ಬುಡವನ್ನಷ್ಟೇ ತೆಗೆದು ಎಳೆಯ ದಂಟುಗಳನ್ನು ಉಳಿಸಿಕೊಳ್ಳಬೇಕು, ಏಕೆಂದರೆ ದಂಟಿನಲ್ಲಿಯೂ ರುಚಿ ಚೆನ್ನಾಗಿರುತ್ತದೆ. ದಂಟುಗಳನ್ನು ಅಂಗುಲದಷ್ಟು ಉದ್ದಕ್ಕೆ ಮುರಿದು ಮೊದಲು ಹಾಕಿ ನಾಲ್ಕೈದು ಸಲ ಎಳೆಯಬೇಕು. ಆಮೇಲೆ ಎಲೆ ಹಾಕಿ ಮೂರು ನಾಲ್ಕು ಬಾರಿ ಮಾತ್ರ, ನಿಲ್ಲಿಸಿ ನಿಲ್ಲಿಸಿ ಎಳೆಯಬೇಕು. ಬಟ್ಟಲು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಆ ಡಬ್ಬಿಯನ್ನು ಅತ್ತೆಯವರು ಹಿಂದಿನ ದಿನವಷ್ಟೇ ನೋಡಿದ್ದರು. ಆದರೆ ಸೊಪ್ಪಿನ ಸ್ವಭಾವ ಅವರಿಗೆ ಅರವತ್ತು ವರ್ಷಗಳಿಂದ ಗೊತ್ತಿತ್ತು.

ರಸಾಯನ ವಿಜ್ಞಾನ ಓದುತ್ತಿದ್ದ ಮನೆಯ ಹಿರಿಯ ಮಗಳು ಇದಕ್ಕೆ ತನ್ನ ವಿವರಣೆಯನ್ನು ಸೇರಿಸಿದಳು. ಎಲೆಯ ಜೀವಕೋಶಗಳಲ್ಲಿ ಕಿಣ್ವಗಳೂ ಫೀನಾಲ್ ಸಂಯುಕ್ತಗಳೂ ಬೇರೆ ಬೇರೆ ಇರುತ್ತವೆ. ಜೀವಕೋಶ ಒಡೆದಾಗ ಅವೆರಡೂ ಕೂಡಿ, ಗಾಳಿಯ ಆಮ್ಲಜನಕದ ಸಂಪರ್ಕದಿಂದ ಸೊಪ್ಪು ಕಪ್ಪಾಗುತ್ತದೆ. ಹರಿತವಾದ ಅಲಗು ಕಡಿಮೆ ಕೋಶಗಳನ್ನು ಒಡೆಯುತ್ತದೆ. ಮೊಂಡು ಅಲಗು ಅಥವಾ ಅತಿಯಾದ ಎಳೆತ ಸೊಪ್ಪನ್ನು ಜಜ್ಜಿಬಿಡುತ್ತದೆ. ಪುದೀನವು ಬೇಗ ಕಪ್ಪಾಗುವುದು ಇದರಿಂದಲೇ; ಲಿಂಬೆರಸದ ಹುಳಿ ಆ ಕಿಣ್ವಗಳ ವೇಗವನ್ನು ತಗ್ಗಿಸುತ್ತದೆ. ಇನ್ನು ಕೊತ್ತಂಬರಿ ಸೊಪ್ಪಿನ ವಾಸನೆಗೆ ಕಾರಣ ಆಲ್ಡಿಹೈಡ್ ಎಂಬ ಸಂಯುಕ್ತಗಳು. ಅದೇ ಗಿಡದ ಬೀಜದ ಪರಿಮಳಕ್ಕೆ ಮುಖ್ಯ ಕಾರಣ ಲಿನಲೂಲ್ ಎಂಬ ಬೇರೊಂದು ವಸ್ತು. ಆದ್ದರಿಂದ ಧನಿಯಾ ಹಾಕಿದರೆ ಸೊಪ್ಪು ಹಾಕಿದಂತಾಗುವುದಿಲ್ಲ. ಸೊಪ್ಪಿನ ವಾಸನೆ ಶಾಖಕ್ಕೆ ಬೇಗ ಹಾರಿಹೋಗುವುದರಿಂದ ಅದನ್ನು ಒಲೆ ಆರಿಸಿದ ಮೇಲೆಯೇ ಹಾಕಬೇಕು. ಇದನ್ನೆಲ್ಲ ಕೇಳಿದ ಅತ್ತೆಯವರು "ನಾ ಹೇಳಿದ್ದನ್ನ ಇಕಿ ಇಂಗ್ಲೀಷಿನ್ಯಾಗ ಹೇಳಾಕತ್ಯಾಳ" ಎಂದು ನಕ್ಕರು.

ಒಂದು ವಾರದ ನಂತರ ಅವರು "ಅದನ್ನ ಇತ್ತಾಗ ಕೊಡ್ರಿ, ನಾ ಒಮ್ಮೆ ಎಳದು ನೋಡ್ತೀನಿ" ಎಂದರು. ಕೊಟ್ಟೆವು. ಹಿಡಿಕೆ ತೆಳುವಾದ ಪ್ಲಾಸ್ಟಿಕ್ಕಿನದು. ಅದನ್ನು ಬೆರಳುಗಳಲ್ಲಿ ಬಿಗಿಹಿಡಿಯುತ್ತಲೇ ನೋವಿನಿಂದ ಅವರ ಮುಖ ಸಣ್ಣದಾಯಿತು. ಡಬ್ಬಿಯನ್ನು ಮೆಲ್ಲಗೆ ನಮ್ಮ ಕಡೆಗೆ ಸರಿಸಿದರು. ಈ ಬಾರಿ ನಾವು "ಬಿಡ್ರಿ, ನಾವು ಮಾಡ್ತೀವಿ" ಎನ್ನಲಿಲ್ಲ. ಸಂಧಿವಾತದವರಿಗೆ ದಪ್ಪ ಹಿಡಿಕೆಯ ಚಮಚ, ಸೌಟುಗಳು ಹಿತವೆಂದೂ ಸಣ್ಣ ಕೀಲುಗಳ ಭಾರವನ್ನು ಮೊಣಕೈ, ಭುಜಗಳಿಗೆ ವರ್ಗಾಯಿಸಬೇಕೆಂದೂ ವೈದ್ಯರು ಹೇಳಿದ್ದುದು ನೆನಪಾಯಿತು. ಹಳೆಯ ಇಳಕಲ್ಲ ಸೀರೆಯ ಪಟ್ಟಿಯೊಂದನ್ನು ಹರಿದು ಹಿಡಿಕೆಗೆ ಸುತ್ತಿದೆವು. ಇಡೀ ಅಂಗೈ ತೂರುವಷ್ಟು ಅಗಲದ ಬಟ್ಟೆಯ ಕುಣಿಕೆಯನ್ನು ಅದಕ್ಕೆ ಹೊಲಿದೆವು. ಡಬ್ಬಿ ಜಾರದಂತೆ ಕೆಳಗೆ ಒದ್ದೆಬಟ್ಟೆ ಹಾಸಿದೆವು. ಅತ್ತೆಯವರು ಎಡ ಅಂಗೈಯನ್ನು ಮುಚ್ಚಳದ ಮೇಲಿಟ್ಟು, ಬಲ ಅಂಗೈಯನ್ನು ಕುಣಿಕೆಯಲ್ಲಿ ತೂರಿಸಿ, ತೋಳಿನಿಂದ ಎಳೆದರು. ದಾರ ಸರ್ರನೆ ಬಂತು, ಸರ್ರನೆ ಹೋಯಿತು. "ಬುಗುರಿ ಆಡಿಸಿದಂಗ ಆತು ನೋಡ್ರಿ" ಎಂದು ಇನ್ನೊಮ್ಮೆ ಎಳೆದರು. ಅಂದಿನಿಂದ ಅದಕ್ಕೆ ಬುಗುರಿ ಡಬ್ಬಿ ಎಂಬ ಹೆಸರೇ ನಿಂತಿತು.

ಆ ಭಾನುವಾರ ಸಂಜೆ ಮಳೆ ಹಿಡಿದಿತ್ತು. ಅತ್ತೆಯವರು ಮೇಜಿನ ಮುಂದೆ ಕುಳಿತು ಉಳ್ಳಾಗಡ್ಡಿ, ಕೊತ್ತಂಬರಿ ಎರಡನ್ನೂ ಬುಗುರಿ ಡಬ್ಬಿಯಲ್ಲಿ ಸಣ್ಣಗೆ ಮಾಡಿದರು. ಗೊಜ್ಜನ್ನು ನಮ್ಮಿಂದ ಕುದಿಸಿದರು; ಬೆಲ್ಲ ಸಾಲದೆಂದು ಎರಡು ಬಾರಿ ಹಾಕಿಸಿದರು. ಗಿರ್ಮಿಟ್ಟಿನ ಮೇಲೆ ಕೊತ್ತಂಬರಿ ಉದುರಿಸುವ ಕೆಲಸವನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅದು ಈಳಿಗೆಯಲ್ಲಿ ಹೆಚ್ಚಿದಷ್ಟು ಸಮನಾಗಿರಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮನೆಯವರೆಲ್ಲ ಎರಡೆರಡು ಬಾರಿ ಹಾಕಿಸಿಕೊಂಡು ತಿಂದರು. ಪಡಸಾಲೆಯ ಕುರ್ಚಿ ಅಂದೇ ಅಡುಗೆಯ ಮನೆಗೆ ಮರಳಿತು.

ಈ ಡಬ್ಬಿಯಿಂದ ಎಲ್ಲವೂ ಆಗುತ್ತದೆಂದು ನಾವು ಹೇಳುವುದಿಲ್ಲ. ತಾಲಿಪಟ್ಟಿನ ಹಿಟ್ಟಿಗೆ, ಚಟ್ನಿಗೆ, ಕೋಸಂಬರಿಗೆ ಬೇಕಾದ ಕೊತ್ತಂಬರಿ, ಪುದೀನಗಳಿಗೆ ಇದು ಸಾಕು. ಮೆಂತ್ಯದ ಹಸಿ ಪಚಡಿಗೆ ಮಾತ್ರ ಸಲ್ಲದು. ಎಲೆ ಜಜ್ಜಿದಷ್ಟೂ ಕಹಿ ಮುಂದಾಗುತ್ತದೆ. ದೊಡ್ಡಪತ್ರೆಯಂತಹ ರಸಭರಿತ ಎಲೆ ನೀರಾಗಿಬಿಡುತ್ತದೆ. ಕರಿಬೇವನ್ನು ಇಡಿಯಾಗಿ ಒಗ್ಗರಣೆಗೆ ಹಾಕುವುದೇ ಚೆಂದ. ಅಲಗುಗಳು ಬಹಳ ಹರಿತವಾದ್ದರಿಂದ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ತೊಳೆಯುವಾಗ ಕಡ್ಡಿಯ ಮೇಲ್ತುದಿಯನ್ನೇ ಹಿಡಿಯಬೇಕು. ಮುಚ್ಚಳವನ್ನು ನೀರಿನಲ್ಲಿ ಮುಳುಗಿಸದೆ ಒದ್ದೆಬಟ್ಟೆಯಿಂದ ಒರೆಸಿದರೆ ಒಳಗಿನ ಸ್ಪ್ರಿಂಗು ಬಾಳಿಕೆ ಬರುತ್ತದೆ. ದಾರವನ್ನು ಓರೆಯಾಗಿ ಎಳೆದರೆ ಬೇಗ ಸವೆಯುತ್ತದೆ. ನಮ್ಮ ಮೊದಲ ಡಬ್ಬಿಯ ದಾರ ಹಾಗೆಯೇ ಹರಿಯಿತು.

ಅತ್ತೆಯವರು ಈಗ ಎಂಬತ್ತರ ಸಮೀಪದಲ್ಲಿದ್ದಾರೆ. ಕಾಯಿಲೆ ಹೋಗಿಲ್ಲ. ಕೀಲುಗಳು ಬಾತುಕೊಂಡ ದಿನ ಅವರು ದಾರಕ್ಕೆ ಕೈ ಹಾಕುವುದಿಲ್ಲ; ಹತ್ತಿರ ಕುಳಿತು ಮೊಮ್ಮಗನಿಂದ ಎಳೆಸುತ್ತಾರೆ. "ಸಾಕು, ನಿಲ್ಲಸು" ಎಂದು ಅವರು ಹೇಳುವ ಗಳಿಗೆಯನ್ನು ನಾವು ಇಂದಿಗೂ ನಮ್ಮಷ್ಟಕ್ಕೆ ಊಹಿಸಲಾರೆವು. ಹಿಂದೊಮ್ಮೆ ಅವರ ಅಪ್ಪಣೆಯಂತೆ ಈಳಿಗೆಮಣೆಯನ್ನೂ ಅಟ್ಟದಿಂದ ಇಳಿಸಿದೆವು. ಅದನ್ನು ಬಳಸುವವರು ಅವರಲ್ಲ, ನಾವು. ಮೆಂತ್ಯ ಹೆಚ್ಚುವುದನ್ನು ನಾವು ಅವರಿಂದ ಕಲಿಯಬೇಕಾಗಿತ್ತು.

ಹಿರಿಯರ ಕೈಯಿಂದ ಕೆಲಸವನ್ನು ಬಿಡಿಸುವ ಮುನ್ನ, ಅದರಲ್ಲಿ ಯಾವ ಭಾಗ ಅವರಿಗೆ ಭಾರ, ಯಾವ ಭಾಗ ಅವರಿಗೆ ಬೇಕು ಎಂದು ಕೇಳಿ ತಿಳಿಯಬೇಕು. ಭಾರವನ್ನಷ್ಟೇ ನಾವು ಹೊತ್ತರೆ ಸಾಕು. ಇದನ್ನು ಅರಿಯಲು ನಮಗೆ ಒಂದು ವರ್ಷ ಬೇಕಾಯಿತು. ಓದುಗ ಸೋದರಿಯರಿಗೆ ಅಷ್ಟು ಕಾಲ ಬೇಡವಾಗಲಿ. ನಿಮ್ಮ ಮನೆಯ ಪಡಸಾಲೆಯಲ್ಲಿಯೂ ಇಂತಹ ಕುರ್ಚಿಯೊಂದಿದ್ದರೆ, ನಾಳೆ ಬೆಳಿಗ್ಗೆ ಒಂದು ಕಟ್ಟು ಕೊತ್ತಂಬರಿಯನ್ನು ಅವರ ಮುಂದಿಟ್ಟು, ಇದನ್ನು ಏನು ಮಾಡೋಣವೆಂದು ಕೇಳಿ ನೋಡಿರಿ.