ಅವರು ಕೊಂಡದ್ದನ್ನೇ ನಾವೂ ಕೊಂಡರೆ

ಮ್ಯೂಚುವಲ್ ಫಂಡುಗಳು ಯಾವ ಯಾವ ಕಂಪನಿಯ ಷೇರು ಇಟ್ಟುಕೊಂಡಿವೆ ಎಂಬುದು ಗುಟ್ಟಲ್ಲ. ಸೆಬಿ ನಿಯಮದಂತೆ ತಿಂಗಳು ಮುಗಿದ 10 ದಿನದೊಳಗೆ ಪಟ್ಟಿ ಪ್ರಕಟವಾಗಬೇಕು. ಅದು ಹೊಳಲಿನ ನಮ್ಮ ಚಿಕ್ಕಪ್ಪನ ಫೋನಿಗೂ ಬರುತ್ತದೆ. ಕಬ್ಬಿನ ದುಡ್ಡು ಬಂದ ವಾರ ಅವರು ಕೇಳಿದರು: "ಅಲ್ಲ ಕಣ್ ಮಗ, ಅಷ್ಟು ಓದಿರೋರೇ ತಗಂಡವ್ರೆ ಅಂದ್ಮೇಲೆ ನಾವೂ ಅದ್ನೇ ತಗಂಡ್ರೆ ಆಯ್ತದಲ್ವಾ?" ಅದು ಮಗಳ ಮದುವೆಗೆಂದು ಎತ್ತಿಟ್ಟ ಹಣ. ನನ್ನ ಪಿಎಚ್‌ಡಿ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ ಆದ್ದರಿಂದ ನಕ್ಕು ಸುಮ್ಮನಾಗುವಂತಿರಲಿಲ್ಲ.

ಚೆನ್, ಜಗದೀಶ್, ವರ್ಮರ್ಸ್ ಎಂಬ ಮೂವರು ಅಮೆರಿಕದ ಫಂಡುಗಳ ಬಗ್ಗೆ 2000ರಲ್ಲಿ ಪ್ರಕಟಿಸಿದ ಉತ್ತರ ನನಗೆ ಈಗಲೂ ಇಷ್ಟ. ಬಹಳ ಫಂಡುಗಳ ಕೈಯಲ್ಲಿರುವ ಷೇರುಗಳು ಉಳಿದವಕ್ಕಿಂತ ಮುಂದೆ ಹೆಚ್ಚೇನೂ ಗಳಿಸಲಿಲ್ಲ. ಆದರೆ ಫಂಡುಗಳು ಹೊಸದಾಗಿ ಕೊಂಡ ಷೇರುಗಳು, ಮಾರಿದ ಷೇರುಗಳಿಗಿಂತ ಚೆನ್ನಾಗಿ ಗಳಿಸಿದವು. ಚಿಕ್ಕಪ್ಪನಿಗೆ ಗದ್ದೆಯ ಮಾತಲ್ಲೇ ಹೇಳಿದೆ: ಕೂಳೆ ಕಬ್ಬು ನೋಡಿದರೆ ರೈತ ಹಿಂದೆ ಏನು ಯೋಚಿಸಿದ್ದ ಅಂತ ಗೊತ್ತಾಗುತ್ತದೆ, ಈಗೇನು ಯೋಚಿಸುತ್ತಿದ್ದಾನೆ ಅನ್ನುವುದಕ್ಕೆ ಹೊಸ ನಾಟಿ ನೋಡಬೇಕು.

"ಸರಿ, ಹಂಗಾರೆ ಹೊಸದಾಗಿ ತಗಂಡಿರೋದನ್ನೇ ತಗಳ್ಳಾನ" ಎಂದರು. ಚುರುಕಿನ ಮನುಷ್ಯ. ಆದರೆ ತಿಂಗಳ ಮೊದಲ ದಿನಗಳಲ್ಲಿ ಕೊಂಡದ್ದು ನಮಗೆ ತಿಳಿಯುವ ಹೊತ್ತಿಗೆ 40 ದಿನ ಕಳೆದಿರಬಹುದು. ಅಷ್ಟರಲ್ಲಿ ಆ ದೊಡ್ಡ ಖರೀದಿಯೇ ಬೆಲೆ ಏರಿಸಿರಬಹುದು. ಮೇಲಾಗಿ, ಸಂಶೋಧಕರು ಕಂಡದ್ದು ಅಸಂಖ್ಯ ಷೇರುಗಳ ಸರಾಸರಿ. ನಾಲ್ಕೈದು ಷೇರು ಕೊಳ್ಳುವವನ ಪಾಲಿಗೆ ಅದು ಅದೃಷ್ಟದ ಆಟವೇ. ಮದುವೆಯ ಹಣ ಬ್ಯಾಂಕಿನಲ್ಲೇ ಇರಲಿ ಎಂದೆ. ಅವರು ಅರೆಮನಸ್ಸಿನಿಂದ ಒಪ್ಪಿದರು.

ಪಟ್ಟಿಯಲ್ಲಿ ಕಾರಣ ಬರೆದಿರುವುದಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ತೊಡಕು. ಹೂಡಿದವರು ಒಟ್ಟಿಗೆ ಹಣ ವಾಪಸ್ ಕೇಳಿದರೆ ಫಂಡು ಒಳ್ಳೆಯ ಷೇರನ್ನೂ ಮಾರಬೇಕಾಗುತ್ತದೆ. ಅಂಥ ಷೇರುಗಳ ಬೆಲೆ ಬಿದ್ದು, ನಿಧಾನಕ್ಕೆ ಚೇತರಿಸಿಕೊಳ್ಳುವುದನ್ನು ಕೋವಲ್ ಮತ್ತು ಸ್ಟಾಫರ್ಡ್ 2007ರಲ್ಲಿ ತೋರಿಸಿದರು. ಆಸ್ಪತ್ರೆ ಖರ್ಚಿಗೆಂದು ಹಸು ಮಾರಿದರೆ ಹಸು ಕೆಟ್ಟದ್ದೆಂದು ನಮ್ಮೂರಲ್ಲಿ ಯಾರೂ ಅನ್ನುವುದಿಲ್ಲ.

ಕೊಳ್ಳುವುದರಲ್ಲೂ ಹೀಗೇ. ಪ್ರತಿ ತಿಂಗಳೂ ಎಸ್‌ಐಪಿ ಹಣ ಬಂದು ಬೀಳುತ್ತಿರುವಾಗ ಫಂಡ್ ಮ್ಯಾನೇಜರ್ ಏನಾದರೂ ಕೊಳ್ಳಲೇಬೇಕು. ಅವರು ನಂಬಿ ಕೊಂಡದ್ದೆಷ್ಟು, ಹಣ ಬಂತೆಂದು ಕೊಂಡದ್ದೆಷ್ಟು? ಒಂದು ತಿಂಗಳ ಪಟ್ಟಿಯ ಪಕ್ಕ ಮುಂದಿನ ತಿಂಗಳದ್ದನ್ನಿಟ್ಟು, ಬಂದ ಹಣದ ಲೆಕ್ಕ ಕಳೆದು, ಉಳಿದದ್ದನ್ನು ಹುಡುಕುವುದೇ ಈಗ ನನ್ನ ದಿನನಿತ್ಯದ ಕೆಲಸ.